ಲಖ್‌ಪತ್ ಕೋಟೆಯ ಮೇಲೆ ಅಮ್ಮ

ಗುಜರಾತಿನ ಕಛ್‌ಗೆ ಹೊರಟಿದ್ದೀವಿ ಅಂದಾಗ ಚಿತ್ರದುರ್ಗದ ನಮ್ಮ ಬೀದಿಯವರೆಲ್ಲ ಹೇಳಿದ್ದು ಬಿಳಿ ರಣ್ ಬಗ್ಗೆ, ಅಲ್ಲಿನ ಉಪ್ಪಿನ ಬಯಲು. ಸಾಮಿಲ್ ಇಟ್ಟಿರುವ ಕಛ್ ಮೂಲದ ಯಜಮಾನರೊಬ್ಬರು ಮಾತ್ರ, "ಲಖ್‌ಪತ್ ನೋಡ್ಕೊಂಡು ಬನ್ನಿ" ಅಂದರು, ಅಚ್ಚ ದುರ್ಗದ ಕನ್ನಡದಲ್ಲಿ.

ಭುಜ್ ಬಿಟ್ಟ ಮೇಲೆ ದಾರಿಯುದ್ದಕ್ಕೂ ಜಾಲಿ. ಅಮ್ಮ ಕಿಟಕಿಯಿಂದ ನೋಡಿ, "ಇದು ನಮ್ಮ ಬಳ್ಳಾರಿ ಜಾಲಿ ಅಲ್ವಾ? ಇದನ್ನ ನೋಡೋಕೆ ಇಷ್ಟು ದೂರ ಬಂದ್ವಾ?" ಅಂದರು. ಅದೇ ಗಿಡ. ಅಲ್ಲಿ ಅದಕ್ಕೆ ಗಾಂಡೋ ಬಾವಳ್ ಅಂತಾರೆ, ಹುಚ್ಚು ಜಾಲಿ ಅಂತ. ಹೆಸರಿಡೋದ್ರಲ್ಲಿ ಅವರೇ ಜಾಣರು.

ಕೋಟೆ ಬಾಗಿಲು ದಾಟಿದರೆ ಒಳಗೆ ಊರು ಅನ್ನೋದೇ ಇಲ್ಲ. 1801ರಲ್ಲಿ ಕಛ್‌ನ ಸೇನಾನಿ ಜಮಾದಾರ್ ಫತೇ ಮೊಹಮ್ಮದ್ ಕಟ್ಟಿಸಿದ 7 ಕಿ.ಮೀ. ಗೋಡೆ, ನಡುವೆ ಬಿದ್ದ ಮನೆಗಳು, ಅಲ್ಲೊಂದು ಇಲ್ಲೊಂದು ಸಂಸಾರ. ಹಳೆ ಗುರುದ್ವಾರದಲ್ಲಿ ಗುರು ನಾನಕರದ್ದು ಅಂತ ನಂಬುವ ಮರದ ಪಾದುಕೆ ನೋಡಿದೆವು. ಸೂಫಿ ಸಂತ ಘೌಸ್ ಮೊಹಮ್ಮದರ ಸಮಾಧಿಯ ಕಲ್ಲಿನ ಹೂಬಳ್ಳಿ ಎಷ್ಟು ಸ್ಫುಟ ಅಂದರೆ, ಸುಮ್ನೆ ಬೆರಳಾಡಿಸಿದರೂ ಕೆತ್ತನೆಯ ಅಂಚು ಸಿಗುತ್ತದೆ.

ಗೋಡೆ ಹತ್ತಿದೆವು. ಟೋಪಿ ಹಾರಿಸುವಷ್ಟು ಗಾಳಿ. ಆಚೆ ಬೂದು ಕೆಸರು, ತೆಳ್ಳಗೆ ಹರಡಿದ ಕೋರಿ ಕ್ರೀಕ್ ಅನ್ನೋ ಸಮುದ್ರದ ಹಿನ್ನೀರಿನ ಉಪ್ಪುನೀರು. ಒಂದು ದೋಣಿಯೂ ಕಾಣಲಿಲ್ಲ.

"ಕುಡಿಯೋ ನೀರಿಲ್ಲದ ಕಡೆ ಇಷ್ಟು ದೊಡ್ಡ ಕೋಟೆ ಯಾಕೆ?" ಏಳು ಸುತ್ತಿನ ಕೋಟೆಯ ಹೊಂಡಗಳನ್ನು ನೋಡುತ್ತಾ ಬದುಕಿದ ಅಮ್ಮನಿಗೆ ಮೊದಲು ಬಂದ ಪ್ರಶ್ನೆ ಇದು.

ನೀರಿತ್ತು. ಸಿಂಧೂ ನದಿಯ ಒಂದು ಕವಲು ಈ ಕಡೆ ಹರಿಯುತ್ತಿತ್ತು. ಬಂದರಿತ್ತು, ಭತ್ತ ಬೆಳೆಯುತ್ತಿದ್ದರು. 18ನೇ ಶತಮಾನದಲ್ಲೇ ನದಿಯ ಮೇಲಿನ ಕಡೆಯಿದ್ದ ಸಿಂಧ್ ದೊರೆಗಳು ಒಡ್ಡು ಹಾಕಿ ನೀರು ತಡೆದರು. ಉಳಿದದ್ದನ್ನು 1819ರ ಜೂನ್ 16ರ ಭೂಕಂಪ ಮುಗಿಸಿತು. ನೆಲವೇ ಮೇಲೆದ್ದು ಹತ್ತಾರು ಕಿ.ಮೀ. ಉದ್ದದ ದಿಬ್ಬವಾಗಿ ಕವಲಿಗೆ ಅಡ್ಡ ನಿಂತಿತು. ಮನುಷ್ಯರು ಕಟ್ಟಿದ್ದಲ್ಲ ಅಂತ ಜನ ಅದನ್ನು ಅಲ್ಲಾ ಬಂಡ್, ಅಂದರೆ ದೇವರ ಒಡ್ಡು, ಅಂದರು.

ಭೂಕಂಪದ ಕಥೆ ಅಮ್ಮನಿಗೆ ಅಷ್ಟಾಗಿ ತಟ್ಟಲಿಲ್ಲ. ಅವರ ತವರು ದಾವಣಗೆರೆ ಕಡೆ, ಭದ್ರಾ ನಾಲೆಯ ಕೊನೇ ಭಾಗ. "ಮೇಲಿನವರು ತೂಬು ಮುಚ್ಚಿದರು ಅನ್ನು" ಅಂದರು. ಕೆಳಗಿಳಿದವರೇ ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಮುಟ್ಟಿಸಿ, ಥೂ ಅಂತ ಉಗಿದರು.

ಊರಿಗೆ ಬಂದ ಮೇಲೆ ಪಕ್ಕದ ಮನೆಯವರು ಬಿಳಿ ರಣ್ ಫೋಟೋ ಕೇಳಿದರು. ಮೊಬೈಲ್ ಅವರ ಕೈಗೆ ಕೊಟ್ಟು ಅಮ್ಮ ಹೇಳಿದ್ದು, "ಫೋಟೋ ಆಮೇಲೆ ನೋಡುವಂತೆ. ಅಲ್ಲಿ ಭತ್ತ ಬೆಳೀತಿದ್ರಂತೆ ಕಣೇ!"