ಇಷ್ಟೆಲ್ಲ ವಾಯ್ಸ್ ಮೆಸೇಜ್ ಯಾಕೆ ಇಟ್ಕೊಂಡಿದ್ದೀ?

ನನ್ನ ಫೋನ್ ಯಾರ ಕೈಗೆ ಹೋದರೂ ಈ ಪ್ರಶ್ನೆ ಬಂದೇ ಬರುತ್ತದೆ. ಅದರಲ್ಲಿ ‘ದನಿ’ ಅಂತ ಒಂದು ಫೋಲ್ಡರ್ ಇದೆ. ಒಳಗೆ ನೂರಕ್ಕೂ ಜಾಸ್ತಿ ವಾಯ್ಸ್ ಮೆಸೇಜ್. ಮನೆಯವರದ್ದು, ಗೆಳತಿಯರದ್ದು. ಬಹುಪಾಲು ನಗು ಬರಿಸುವಂಥವು. ನೋಡಿದವರು ಮೊದಲು ಸ್ವಲ್ಪ ಸಣ್ಣ ದನಿಯಲ್ಲಿ ಕೇಳುತ್ತಾರೆ, ‘ಇವರೆಲ್ಲ ತೀರಿಕೊಂಡವರಾ?’ ಇಲ್ಲ, ಎಲ್ಲರೂ ಚೆನ್ನಾಗಿದ್ದಾರೆ, ಇವತ್ತು ಬೆಳಗ್ಗೆನೂ ಫೋನ್ ಮಾಡಿದ್ದರು ಅಂದರೆ ಅವರಿಗೆ ಇನ್ನೂ ಆಶ್ಚರ್ಯ. ಇದ್ದವರ ಮಾತು ಯಾಕೆ ಕಾಪಿಡಬೇಕು? ಬೇಕಾದಾಗ ಫೋನ್ ಮಾಡಿ ಕೇಳಬಹುದಲ್ವಾ?

ಕೇಳೋಕೆ ಆಗುವುದಿಲ್ಲ. ಅದೇ ನನ್ನ ಉತ್ತರ.

ಅಕ್ಕನ ಮಗನನ್ನೇ ತಗೊಳ್ಳಿ. ಅವನು ಐದು ವರ್ಷದವನಿದ್ದಾಗ ಅವನ ಬಾಯಲ್ಲಿ ‘ರ’ ಇರಲಿಲ್ಲ, ಎಲ್ಲವೂ ‘ಲ’. ಒಂದು ಸೋಮವಾರ ಬೆಳಗ್ಗೆ ಅವ್ವನ ಫೋನ್ ಎತ್ತಿಕೊಂಡು ಮಂಚದ ಕೆಳಗೆ ಹೋಗಿ ನನಗೆ ಪಿಸುಮಾತಿನಲ್ಲಿ ಒಂದು ಮೆಸೇಜ್ ಬಿಟ್ಟ: ‘ಮೌಶಿ, ನಂಗ ಜ್ವಲ ಬಂದದ. ಭಾಳ ಜ್ವಲ. ಬಲುವಾಗ ಐಸ್‌ಕ್ಲೀಮ್ ತಗೊಂಡ್ ಬಾ. ಅವ್ವಗ ಹೇಳಬ್ಯಾಡ.’ ಹಿಂದಿನಿಂದ ಅಕ್ಕನ ದನಿ, ‘ಯಾರ ಸಂಗಟ ಮಾತಾಡ್ಲಕತ್ತಿ?’ ಅಲ್ಲಿಗೆ ಮೆಸೇಜ್ ಕಟ್. ಹದಿನಾಲ್ಕು ಸೆಕೆಂಡ್. ಈಗ ಅವನಿಗೆ ಮೀಸೆ ಮೂಡುತ್ತಿದೆ, ಗಂಟಲು ಒಡೆದಿದೆ. ‘ಜ್ವರ’ ಅಂತ ಸ್ವಚ್ಛವಾಗಿ ಹೇಳುತ್ತಾನೆ. ಹುಡುಗ ಇದ್ದಾನೆ, ಆ ದನಿ ಇಲ್ಲ.

ದೊಡ್ಡವರ ಮಾತೂ ಹೀಗೇ ಹೋಗುತ್ತದೆ, ಅದು ನಮ್ಮ ಗಮನಕ್ಕೆ ಬರುವುದಿಲ್ಲ ಅಷ್ಟೆ. ನನ್ನ ಗೆಳತಿಯೊಬ್ಬಳು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದಳು. ಮೊದಲ ಸಲ ಊರಿಗೆ ಬರುವಾಗ ರಾತ್ರಿ ರೈಲಿನಲ್ಲಿ ಮಲಗಿದವಳು ಕಲಬುರಗಿ ದಾಟಿದ್ದೇ ಗೊತ್ತಾಗದೆ ನಿದ್ದೆ ಹೊಡೆದಿದ್ದಾಳೆ. ಕಣ್ಣು ಬಿಟ್ಟ ಕೂಡಲೇ ಕಳಿಸಿದ ಮೆಸೇಜ್ ನನ್ನ ಹತ್ತಿರ ಇದೆ: ‘ಏ, ಎಲ್ಲಾ ಬೋರ್ಡ್ ಮರಾಠಿದಾಗ ಅವ. ಚಾ ಮಾರಾಂವ ಸುದ್ದ ಮರಾಠಿ ಮಾತಾಡ್ಲಕತ್ತಾನ. ನಮ್ಮ ಕಲಬುರಗಿ ಎಲ್ಲಿ ಹೋಯ್ತು?’ ಅಷ್ಟರಲ್ಲಿ ಹಿಂದೆ ಸ್ಟೇಷನ್ನಿನ ಮೈಕಿನಲ್ಲಿ ‘ಸೋಲಾಪುರ’ ಅಂತ ಕೇಳುತ್ತದೆ. ಆಮೇಲೆ ಎರಡು ಸೆಕೆಂಡ್ ಮೌನ. ಆಮೇಲೆ ಬಹಳ ಸಣ್ಣಗೆ, ‘ಯವ್ವಾ...’

ಆ ‘ಯವ್ವಾ’ಕ್ಕೆ ಎಷ್ಟು ಸಲ ನಕ್ಕಿದ್ದೇನೋ. ಈಗ ಅವಳು ‘ಅದ’ ಅನ್ನುವುದಿಲ್ಲ, ‘ಇದೆ’ ಅನ್ನುತ್ತಾಳೆ. ‘ಮಾತಾಡ್ಲಕತ್ತಾನ’ ಹೋಗಿ ‘ಮಾತಾಡ್ತಾ ಇದಾನೆ’ ಆಗಿದೆ. ತಪ್ಪಲ್ಲ, ಆ ಊರಲ್ಲಿ ಬದುಕಬೇಕಲ್ಲ. ಆದರೆ ಆ ಮೆಸೇಜ್ ಕೇಳಿಸಿದಾಗ ಅವಳೇ ಒಂದು ಗಳಿಗೆ ಸುಮ್ಮನಾಗಿ, ‘ನಾ ಹಿಂಗ್ ಮಾತಾಡ್ತಿದ್ನಾ?’ ಅಂದಳು.

ನಮ್ಮ ಕಡೆ ಮಾತಿಗೆ ಅದರದೇ ಒಂದು ರುಚಿ ಇದೆ. ಧಾರವಾಡದ ಕಡೆ ‘ಐತಿ’ ಅಂದರೆ ನಮ್ಮಲ್ಲಿ ‘ಅದ’. 1948ರವರೆಗೆ ನಿಜಾಮರ ಆಳ್ವಿಕೆ ಇದ್ದ ನೆಲ, ಪಕ್ಕದಲ್ಲೇ ಮರಾಠಿ, ತೆಲುಗು. ಹಾಗಾಗಿ ದವಾಖಾನಿ, ಜಲ್ದಿ, ಪರೇಶಾನ್, ಮೌಶಿ ಎಲ್ಲ ನಮ್ಮವೇ. ಇದನ್ನು ಬರೆಯುವವರು ಕಡಿಮೆ. ಕಾಗದದ ಮೇಲೆ ಪೆನ್ ಇಟ್ಟ ಕೂಡಲೇ ಹೆಚ್ಚಿನವರು ಶಾಲೆಯ ಕನ್ನಡಕ್ಕೆ ಹೋಗಿಬಿಡುತ್ತಾರೆ. ಕ್ಯಾಮೆರಾ ಎದುರು ನಿಲ್ಲಿಸಿದರೂ ಅಷ್ಟೆ.

ಇದು ನನಗೆ ಕಷ್ಟಪಟ್ಟು ಗೊತ್ತಾದ ಸಂಗತಿ. ಸೋದರಮಾವ ಒಂದು ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋದಾಗ ಒಂದು ಮೆಸೇಜ್ ಕಳಿಸಿದ್ದರು. ಕಲಬುರಗಿಯ ಬಿಸಿಲು ಗೊತ್ತಲ್ಲ, 43 ಡಿಗ್ರಿ ಅಂದರೆ ನಮಗೆ ದೊಡ್ಡ ಸುದ್ದಿಯಲ್ಲ. ‘ಫ್ಯಾನ್ ನಿಂತದ. ಕೂಲರ್ ನಿಂತದ. ನಾನೂ ನಿಂತೀನಿ. ಮನ್ಯಾಗ ಕೆಲ್ಸ ಮಾಡ್ಲಕತ್ತದ್ದು ಮಾವಿನಕಾಯಿ ಒಂದೇ, ಅದು ಹಣ್ಣಾಗ್ಲಕತ್ತದ.’ ಇದಕ್ಕೆ ನಮ್ಮ ಮನೆಯಲ್ಲಿ ನಗದವರಿಲ್ಲ. 2021ರಲ್ಲಿ ಫೋನ್ ಬದಲಿಸಿದೆ. ಅಂಗಡಿಯವರು ಹೊಸದಕ್ಕೆ ಎಲ್ಲ ಬಂದಿದೆ ಅಂತ ಹೇಳಿ ಹಳೆಯದನ್ನು ರೀಸೆಟ್ ಮಾಡಿಬಿಟ್ಟರು. ಫೋಟೋಗಳು ಬಂದಿದ್ದವು, ಅವು ಗೂಗಲ್ ಫೋಟೋಸ್‌ನಲ್ಲಿ ಇದ್ದವು. ವಾಯ್ಸ್ ಮೆಸೇಜ್ ಗ್ಯಾಲರಿಗೇ ಬರುವುದಿಲ್ಲ, ಅಲ್ಲಿಗೆ ಹೇಗೆ ಹೋಗಬೇಕು? ವಾಟ್ಸಾಪ್ ಬ್ಯಾಕಪ್ ಆನ್ ಇರಲಿಲ್ಲ. ಬೇರೆ ಕಡೆ ಮೊದಲೇ ಕಾಪಿ ಇದ್ದ ಕೆಲವು ಉಳಿದವು, ಮಾವನ ಮಾವಿನಕಾಯಿ ಹೋಯಿತು. ಅವತ್ತು ನಾನು ಅತ್ತಿದ್ದೇನೆ.

ಮಾವ ಗಟ್ಟಿ ಇದ್ದಾರೆ, ಮತ್ತೊಮ್ಮೆ ಹೇಳಿಸಿದರಾಯಿತು ಅಂತ ಮನೆಗೆ ಹೋದೆ. ಫೋನ್ ಮುಂದೆ ಹಿಡಿದೆ. ಅವರು ಅಂಗಿ ಸರಿ ಮಾಡಿಕೊಂಡರು. ಕೆಮ್ಮಿದರು. ‘ಎಲ್ಲರಿಗೂ ನಮಸ್ಕಾರ. ಈ ಸಲದ ಬೇಸಿಗೆಯಲ್ಲಿ ಬಿಸಿಲಿನ ತಾಪ ಬಹಳ ಹೆಚ್ಚಾಗಿದ್ದು...’ ಅಂತ ವಾರ್ತೆ ಓದುವವರ ಹಾಗೆ ಶುರು ಮಾಡಿದರು. ಮೂರು ಸಲ ಪ್ರಯತ್ನಿಸಿದೆವು. ಆಗಲಿಲ್ಲ. ಅವರೂ ಬೇಜಾರಾದರು. ಆ ಮಾತು ಬಂದಿದ್ದು ಆ ಸೆಕೆಗೆ, ಆ ಸಿಟ್ಟಿಗೆ, ನನಗೊಬ್ಬಳಿಗೆ ಅಂತ. ಈಗ ಫೋನ್ ಹಿಡಿದು ಕೂತರೆ ಅದು ಎಲ್ಲಿಂದ ಬರಬೇಕು?

1877ರಲ್ಲಿ ಫೋನೋಗ್ರಾಫ್ ಮಾಡಿದ ಎಡಿಸನ್, ಅದರಿಂದ ಏನೇನು ಉಪಯೋಗ ಆಗಬಹುದು ಅಂತ ಮರುವರ್ಷ ಒಂದು ಲೇಖನ ಬರೆದರು. ಮನೆಮಂದಿಯ ಮಾತನ್ನು ಅವರವರದೇ ದನಿಯಲ್ಲಿ ಕಾಪಿಡುವುದು, ಸಾಯುವವರ ಕೊನೆಯ ಮಾತು ಹಿಡಿದಿಡುವುದು, ಇವೂ ಅದರಲ್ಲಿದ್ದವು. ನನಗೆ ಕೊನೆಯ ಮಾತಿಗಿಂತ ಮಾವಿನಕಾಯಿಯ ಮಾತೇ ಬೇಕು. ಕೊನೆಯ ಮಾತಿನಲ್ಲಿ ಆ ಮನುಷ್ಯ ಎಷ್ಟು ಸಿಗುತ್ತಾನೆ? ಮಾವ ಪೂರ್ತಿ ಸಿಗುವುದು ಆ ಸಿಟ್ಟಿನಲ್ಲೇ.

ಅಮೆರಿಕದ ಮನೆಗಳಲ್ಲಿ ಹಿಂದೆ ಫೋನಿನ ಪಕ್ಕ ಕ್ಯಾಸೆಟ್ ಹಾಕಿದ ಆನ್ಸರಿಂಗ್ ಮಷೀನ್ ಇರುತ್ತಿತ್ತು. ನಮ್ಮಲ್ಲಿ ಆ ರೂಢಿ ಬರಲೇ ಇಲ್ಲ. ಒಂದು ಮಿಸ್ ಕಾಲ್ ಕೊಟ್ಟರೆ ಮುಗೀತು. 2013ರಲ್ಲಿ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಬಂದ ಮೇಲೆ ನಮ್ಮವರ ಕೈಗೆ ನಿಜವಾಗಿ ಒಂದು ಅನುಕೂಲ ಸಿಕ್ಕಿತು. ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಅಕ್ಷರ ಬರುವುದಿಲ್ಲ, ಆದರೆ ಮೈಕಿನ ಗುರುತು ಗೊತ್ತು. ಅಪ್ಪನಿಗೆ ಅಕ್ಷರ ಬರುತ್ತದೆ, ಆದರೆ ಅವರ ಮಟ್ಟಿಗೆ ಅದು ಫೋನ್ ಕಾಲ್. ‘ಅವ್ವಾ, ಮೊಸರು ತಂದಿ ಏನು?’ ಅಂತ ಕೇಳಿ, ಉತ್ತರಕ್ಕೆ ಕಾದು, ‘ಹಲೋ? ಯಾಕ ಮಾತಾಡವಲ್ಲಿ?’ ಅಂತ ಬೈದು ಕಳಿಸುತ್ತಾರೆ. ಅಂಥವು ಒಂಬತ್ತು ಇವೆ. ಒಂದನ್ನೂ ಅಳಿಸಿಲ್ಲ.

ನನ್ನ ಸಂಗ್ರಹದಲ್ಲಿ ಎಲ್ಲಕ್ಕಿಂತ ದೊಡ್ಡ ಆಸ್ತಿ ಆಯಿಯದು. 2019ರ ಡಿಸೆಂಬರ್ 25ರ ಸಂಜೆಯದು. ಮರುದಿನ ಎಳ್ಳ ಅಮಾಸಿ. ನಮ್ಮ ಕಡೆ ಅದು ದೊಡ್ಡ ಹಬ್ಬ, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಅಂದರೆ ಹೊಲಕ್ಕೆ ಎಡೆಯ ಅಡುಗೆ ಎರಚಿ, ಊಟ ಮಾಡುತ್ತೇವೆ. ಸಜ್ಜಿ ರೊಟ್ಟಿ, ಕಡುಬು, ಭಜ್ಜಿ ಆಗಲೇಬೇಕು. ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದಲ್ಲ, ಕಾಳು, ತರಕಾರಿ, ಸೊಪ್ಪು ಹಾಕಿದ ಪಲ್ಯ. ಆ ವರ್ಷ ಅದೇ ದಿನ ಬೆಳಗ್ಗೆ ಸೂರ್ಯಗ್ರಹಣ. ಗ್ರಹಣ ಬಿಟ್ಟ ಮೇಲೆ ಅಡುಗೆ ಮಾಡಬೇಕೋ ಮೊದಲೋ ಅಂತ ಆಯಿಗೆ ಚಿಂತೆ. ಈ ಸಲ ಭಜ್ಜಿ ನಾನು ಮಾಡುವವಳು, ಹೇಗೆ ಅಂತ ಕೇಳಿದ್ದೆ. ಮೂರು ನಿಮಿಷ ಐವತ್ತು ಸೆಕೆಂಡಿನ ಉತ್ತರ ಬಂತು:

‘ಯವ್ವಾ, ಗ್ರಹಣ ಬಿಡ್ಲಿ, ಆಮ್ಯಾಗ ಮೈ ತೊಳ್ಕೊಂಡು ಒಲಿ ಹಚ್ಚು. ಹಸಿ ತೊಗರಿಕಾಳ ತಗೋ, ಅವರಿಕಾಳ ತಗೋ, ಬದ್ನಿಕಾಯಿ ಹೆಚ್ಚು. ಕಡ್ಲಿಹಿಟ್ಟು ನೀರಾಗ ಕಲಸಿಟ್ಕೋ, ಗಂಟಾಗಬಾರ್ದು. ಮೆಂತಿಪಲ್ಯ ಸೋಸಿಟ್ಕೋ, ನಾನೂ ಈಗ ಅದೇ ಸೋಸ್ಲಕತ್ತೀನಿ... ಏ! ಏ! ಬಿಡ! ಯಪ್ಪೋ, ಮರಿ ಮೆಂತಿಪಲ್ಯ ತಿಂತದಲ್ಲೋ! ಹಿಡೀರ‍್ಯೋ ಅದನ್ನ!’

ಆಮೇಲೆ ಫೋನ್ ನೆಲಕ್ಕೆ ಬಿದ್ದ ಸದ್ದು. ಆಡಿನ ಮರಿ ‘ಮ್ಯಾ’ ಅನ್ನುತ್ತದೆ. ಬಳೆಗಳ ಸದ್ದು, ತಂಬಿಗೆ ಉರುಳಿದ ಸದ್ದು. ಯಾರೋ ನಗುತ್ತಾರೆ. ಆಯಿ ಮರಿಯ ಇಡೀ ವಂಶವನ್ನು ಹೆಸರಿಟ್ಟು ಬೈಯುತ್ತಾಳೆ. ಭಜ್ಜಿಯ ಮಾತು ಅಲ್ಲಿಗೆ ನಿಂತಿತು. ಫೋನ್ ಎತ್ತುವಾಗ ಯಾರದೋ ಬೆರಳು ತಾಗಿ ಮೆಸೇಜ್ ಬಂದುಬಿಟ್ಟಿದೆ.

ಈಗ, ಹೇಗೆ ಇಟ್ಟುಕೊಳ್ಳುತ್ತೀ ಅಂತಲೂ ಕೇಳುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಚಾಟ್‌ನಲ್ಲಿ ಸ್ಟಾರ್ ಹಾಕಿದರೆ ಸಾಲದು, ಫೋನ್ ಹೋದರೆ ಅದೂ ಹೋಗಬಹುದು. ಮೆಸೇಜ್ ಒತ್ತಿ ಹಿಡಿದು, ಶೇರ್ ಒತ್ತಿ, ಗೂಗಲ್ ಡ್ರೈವ್‌ಗೆ ಕಳಿಸಿ. ಒಂದು ಪೆನ್‌ಡ್ರೈವ್‌ನಲ್ಲೂ ಇರಲಿ. ಆಂಡ್ರಾಯ್ಡ್ ಫೋನಿನಲ್ಲಿ ಇವಕ್ಕೆ ಬೇರೆ ಫೋಲ್ಡರ್ ಇದೆ, ವಾಟ್ಸಾಪ್ ವಾಯ್ಸ್ ನೋಟ್ಸ್ ಅಂತ. ಅದರೊಳಗೆ ವಾರಕ್ಕೊಂದು ಫೋಲ್ಡರ್. ಫೈಲ್ ಹೆಸರು ಪಿಟಿಟಿ ಅಂತ ಶುರುವಾಗಿ ತಾರೀಕು, ಒಂದು ನಂಬರ್ ಇರುತ್ತದೆ. ಯಾರದ್ದು ಅಂತ ಇರುವುದಿಲ್ಲ. ಅದಕ್ಕೇ ಅವತ್ತೇ ಕಾಪಿಯ ಹೆಸರು ಬದಲಿಸಿ. ನನ್ನದು ಹೀಗಿದೆ: ‘ಆಯಿ, ಭಜ್ಜಿ, ಮರಿ, ಗ್ರಹಣದ ಹಿಂದಿನ ದಿನ’. ಹೆಸರಿಲ್ಲದ ಫೈಲನ್ನು ಐದು ವರ್ಷದ ಮೇಲೆ ನೀವೇ ಹುಡುಕಲಾರಿರಿ. ಜಾಗದ ಚಿಂತೆ ಬೇಡ, ಒಂದು ನಿಮಿಷದ ಮಾತಿಗಿಂತ ಫೋನಿನಲ್ಲಿ ತೆಗೆದ ಒಂದು ಫೋಟೋಗೆ ಎಷ್ಟೋ ಪಾಲು ಜಾಸ್ತಿ ಜಾಗ ಬೇಕು. ಒಂದು ಮಾತು ಮಾತ್ರ: ಯಾರದ್ದೇ ಆಗಲಿ, ಅವರನ್ನು ಕೇಳದೆ ಬೇರೆ ಗ್ರೂಪ್‌ಗೆ ಹಾಕಬೇಡಿ. ಅವರು ಆ ಮಾತು ಕೊಟ್ಟಿದ್ದು ನಿಮಗೆ.

ಹೋದ ತಿಂಗಳು ಜೇವರ್ಗಿ ಕಡೆ ನಮ್ಮ ಹಳ್ಳಿಗೆ ಹೋದಾಗ ಆಯಿಗೆ ಆ ಮೆಸೇಜ್ ಕೇಳಿಸಿದೆ. ಕಟ್ಟೆಯ ಮೇಲೆ ಕೂತು, ಫೋನ್ ಕಿವಿಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ಕೇಳಿದಳು. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಮುಗಿದ ಮೇಲೆ ಮತ್ತೊಮ್ಮೆ ಹಚ್ಚು ಅಂದಳು. ಎರಡನೇ ಸಲ ಮರಿ ಬಂದ ಜಾಗಕ್ಕೆ ಕೈ ಎತ್ತಿ ನಿಲ್ಲಿಸಿದಳು.

‘ಹುಣಸಿಹುಳಿ ಹೇಳ್ಲಕ ಮರ್ತೀನಿ ನೋಡು,’ ಅಂದಳು. ‘ಇಷ್ಟ್ ವರ್ಷ ಹುಳಿ ಇಲ್ಲದೇ ಮಾಡೀ ಏನು?’

ನಾನು ಹೌದು ಅಂದೆ.

‘ಯವ್ವಾ ಯವ್ವಾ,’ ಅಂತ ಹಣೆ ಬಡಿದುಕೊಂಡು ಫೋನ್ ನನ್ನ ಕಡೆ ಚಾಚಿದಳು. ‘ಹಿಡಿ, ತುಂಬ್ಕೋ. ಈಗ ಹೇಳ್ತೀನಿ.’