ಚಿಕ್ಕಮ್ಮನ ಹಿಂಗೈ, ನನ್ನ ಎರಡನೇ ಅರ್ಜಿ

2024ರ ಏಪ್ರಿಲ್‌ನಲ್ಲಿ ಕೊನೆಯ ಮೆಡಿಕಲ್ ಕಾಲೇಜಿನಿಂದಲೂ 'ಇಲ್ಲ' ಎಂಬ ಇಮೇಲ್ ಬಂತು. ಒಟ್ಟು 11 ಕಾಲೇಜುಗಳಿಗೆ ಅರ್ಜಿ ಹಾಕಿದ್ದೆ. ಒಂದರಿಂದಲೂ ಸಂದರ್ಶನದ ಕರೆ ಬಂದಿರಲಿಲ್ಲ. ಆ ರಾತ್ರಿ ಹಾಸನದಿಂದ ದೊಡ್ಡಪ್ಪ ಫೋನ್ ಮಾಡಿ, "ನೀಟ್ ಬರೆದು ಇಲ್ಲೇ ಒಂದು ಎನ್‌ಆರ್‌ಐ ಸೀಟು ಹಿಡಿಯಬಹುದಿತ್ತಲ್ಲ ಪುಟ್ಟಿ" ಎಂದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಅಮೆರಿಕದ ಒಹಾಯೋಗೆ ಬಂದವಳು, ಇಲ್ಲೇ ಪದವಿ ಓದಿದವಳು. ಇಲ್ಲೇ ವೈದ್ಯೆಯಾಗಬೇಕೆಂಬುದು ನನ್ನ ಹಟ.

ನಮ್ಮ ಕಡೆ ರ‍್ಯಾಂಕ್ ಬಂದರೆ ಸೀಟು ಸಿಕ್ಕಂತೆ. ಅಮೆರಿಕದಲ್ಲಿ ಪದವಿಯ ಅಂಕ, ಎಂಕ್ಯಾಟ್ ಎಂಬ ಮೆಡಿಕಲ್ ಪ್ರವೇಶ ಪರೀಕ್ಷೆಯ ಅಂಕಗಳ ಜೊತೆಗೆ ರೋಗಿಗಳ ನಡುವೆ ಕಳೆದ ಗಂಟೆಗಳು, ಶಿಫಾರಸು ಪತ್ರಗಳು, ಪ್ರಬಂಧ, ಸಂದರ್ಶನ ಎಲ್ಲವನ್ನೂ ತೂಗಿ ನೋಡುತ್ತಾರೆ. ಅರ್ಜಿಗಳು ಬಂದ ಹಾಗೆಲ್ಲ ಓದುತ್ತಾ, ಸಂದರ್ಶನಕ್ಕೆ ಕರೆಯುತ್ತಾ ಹೋಗುತ್ತಾರೆ. ಹಾಗಾಗಿ ತಡವಾಗಿ ಬಂದವರಿಗೆ ಉಳಿಯುವ ಜಾಗ ಕಡಿಮೆ. ನಾನು ಸಲ್ಲಿಸಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ಅಂಕಪಟ್ಟಿಗಳ ಪರಿಶೀಲನೆಗೇ ಕೆಲವು ವಾರ ಹಿಡಿಯಿತು. ಆಯ್ದುಕೊಂಡ 11ರಲ್ಲಿ ಆರು ಬೇರೆ ರಾಜ್ಯಗಳ ಸರ್ಕಾರಿ ಕಾಲೇಜುಗಳು. ಅವು ತಮ್ಮ ರಾಜ್ಯದ ಮಕ್ಕಳಿಗೇ ಮೊದಲ ಮಣೆ ಹಾಕುತ್ತವೆ ಎಂಬುದನ್ನು ನಾನು ವಿಚಾರಿಸಿಯೇ ಇರಲಿಲ್ಲ.

ತಿರಸ್ಕರಿಸಿದ ಕಾಲೇಜುಗಳಿಗೆಲ್ಲ ಪತ್ರ ಬರೆದು, ನನ್ನ ಅರ್ಜಿಯಲ್ಲಿ ಏನು ಕೊರತೆಯಿತ್ತು ಎಂದು ಕೇಳಿದೆ. ಕೆಲವು ಕಾಲೇಜುಗಳು ಹೀಗೆ ಮಾತಾಡಲು ಸಮಯ ಕೊಡುತ್ತವೆ. ಒಂದು ಕಡೆಯ ಪ್ರವೇಶಾಧಿಕಾರಿ ಹದಿನೈದು ನಿಮಿಷ ಮಾತಾಡಿದರು. "ವೈದ್ಯರ ಹಿಂದೆ ನಿಂತು 40 ಗಂಟೆ ನೋಡಿದ್ದೀರಿ. ಆದರೆ ಒಬ್ಬ ರೋಗಿಯನ್ನೂ ಮುಟ್ಟಿಲ್ಲ" ಎಂದರು. ಆ ಮಾತು ಎದೆಗೆ ನಾಟಿತು. ಮುಂದಿನ ತಿಂಗಳೇ ಮತ್ತೆ ಅರ್ಜಿ ಹಾಕಬೇಕೆಂದಿದ್ದವಳು ಆ ವರ್ಷವನ್ನು ಬಿಟ್ಟುಬಿಟ್ಟೆ. ಅದೇ ಅರ್ಜಿಯ ವಾಕ್ಯಗಳನ್ನು ತಿದ್ದಿ ಮತ್ತೆ ಕಳಿಸಬೇಡಿ ಎಂದು ಇದನ್ನು ಓದುತ್ತಿರುವವರಲ್ಲಿ ಕೈಮುಗಿದು ಕೇಳುತ್ತೇನೆ. 'ಹಿಂದಿನ ಸಲಕ್ಕಿಂತ ಈಗ ಏನು ಬದಲಾಗಿದೆ?' ಎಂದು ಎಷ್ಟೋ ಕಾಲೇಜುಗಳು ನೇರವಾಗಿ ಕೇಳುತ್ತವೆ. ಹೇಳಲು ನಿಜವಾದ ಉತ್ತರ ಇರಬೇಕು.

75 ಗಂಟೆಗಳ ತರಬೇತಿ ಮುಗಿಸಿ, ರಾಜ್ಯದ ಪರೀಕ್ಷೆ ಬರೆದು, ಕೊಲಂಬಸ್ ಹತ್ತಿರದ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಶುಶ್ರೂಷಾ ಸಹಾಯಕಿಯಾಗಿ ಸೇರಿದೆ. ವಾರಕ್ಕೆ ಮೂರು ರಾತ್ರಿಪಾಳಿ. ಉಣಿಸುವುದು, ಒರೆಸುವುದು, ದಂತಪಂಕ್ತಿ ತೊಳೆಯುವುದು, ಎದ್ದು ಕೂರಲಾಗದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸುವುದು. ಮೈಯನ್ನು ಎಳೆಯಬಾರದು, ಎಳೆದರೆ ಚರ್ಮ ಕಿತ್ತುಬರುತ್ತದೆ. ಕೆಳಗಿನ ಬಟ್ಟೆಯನ್ನು ಹಿಡಿದು ಇಬ್ಬರು ಸೇರಿ ಎತ್ತಬೇಕು. ಮಂಡಿಗಳ ನಡುವೆ ದಿಂಬು ಇಡಬೇಕು, ಹಿಮ್ಮಡಿ ಹಾಸಿಗೆಗೆ ತಾಗಬಾರದು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಬಿಳಿಚದಿದ್ದರೆ ಹಾಸಿಗೆ ಹುಣ್ಣು ಶುರುವಾಗುತ್ತಿದೆ ಎಂದರ್ಥ. ತಕ್ಷಣ ನರ್ಸ್‌ಗೆ ತಿಳಿಸಬೇಕು.

ಆದರೆ ಆ ಕೆಂಪು ಎಲ್ಲರ ಚರ್ಮದಲ್ಲೂ ಕಾಣುವುದಿಲ್ಲ. ನನ್ನ ಪಾಳಿಯಲ್ಲಿ ಒಬ್ಬ ಕಪ್ಪು ಅಮೆರಿಕನ್ ತಾತ ಇದ್ದಾರೆ. ಒಂದು ರಾತ್ರಿ ಎರಡು ಗಂಟೆಗೆ ಅವರ ಮಗ್ಗುಲು ಬದಲಿಸುವಾಗ, ಯಾಕೆಂದು ತಿಳಿಯದೆ, ಹಿಂಗೈಯನ್ನು ಅವರ ಹಿಮ್ಮಡಿಗೆ ತಾಗಿಸಿದೆ. ಒಂದು ಕಡೆ ಬಿಸಿ, ಸ್ವಲ್ಪ ಗಡುಸು. ಕಣ್ಣಿಗೆ ಏನೂ ಕಾಣಲಿಲ್ಲ. ನರ್ಸ್ ಬಂದು ಮುಟ್ಟಿ ನೋಡಿ, "ಸರಿಯಾಗಿ ಹಿಡಿದೆ. ಕಪ್ಪು ಚರ್ಮದಲ್ಲಿ ಹೀಗೆಯೇ ಗೊತ್ತಾಗುವುದು" ಎಂದರು.

ಅದನ್ನು ನಾನು ಕಲಿತದ್ದು ಅರಕಲಗೂಡು ಹತ್ತಿರದ ನಮ್ಮ ಮನೆಯ ನಡುಮನೆಯಲ್ಲಿ. ಲಕ್ವ ಹೊಡೆದು ಮಲಗಿದ್ದ ಅಜ್ಜಿಯನ್ನು ಮಗ್ಗುಲಾಗಿಸಿದಾಗಲೆಲ್ಲ ಚಿಕ್ಕಮ್ಮ ಸೊಂಟಕ್ಕೂ ಹಿಮ್ಮಡಿಗೂ ಹಿಂಗೈ ಇಟ್ಟು ನೋಡುತ್ತಿದ್ದಳು, ಜ್ವರ ನೋಡುವ ಹಾಗೆ. ಬಿಸಿ ಅನ್ನಿಸಿದರೆ ಹಳೆಯ ನೂಲಿನ ಸೀರೆ ಸುತ್ತಿ ಮೀನಖಂಡದ ಕೆಳಗಿಟ್ಟು, ಹಿಮ್ಮಡಿಯನ್ನು ನೆಲದಿಂದ ಮೇಲಿರಿಸುತ್ತಿದ್ದಳು. ಮೊದಲ ಅರ್ಜಿಯಲ್ಲೂ ನಾನು ಅಜ್ಜಿಯ ಬಗ್ಗೆಯೇ ಬರೆದಿದ್ದೆ: ಅಜ್ಜಿ ತೀರಿಕೊಂಡಳು, ಆದ್ದರಿಂದ ನಾನು ಡಾಕ್ಟರ್ ಆಗಬೇಕು. ಪ್ರಬಂಧಕ್ಕೆ ಕೊಡುವ 5,300 ಅಕ್ಷರಗಳಲ್ಲಿ ಚಿಕ್ಕಮ್ಮನ ಕೈ ಒಂದು ಸಾಲಿನಲ್ಲೂ ಬಂದಿರಲಿಲ್ಲ. ಎರಡನೇ ಪ್ರಬಂಧ ಆ ಕೈಯಿಂದಲೇ ಶುರುವಾಯಿತು.

ಎಂಕ್ಯಾಟ್‌ನಲ್ಲಿ ನನ್ನನ್ನು ಕೆಡವಿದ್ದು ವಿಜ್ಞಾನವಲ್ಲ, ಓದಿ ಅರ್ಥಮಾಡಿಕೊಳ್ಳುವ 'ಕಾರ್ಸ್' ವಿಭಾಗ. 90 ನಿಮಿಷ, ಒಂಬತ್ತು ಗದ್ಯಭಾಗ, 53 ಪ್ರಶ್ನೆ. 118ರಿಂದ 132ರ ಅಳತೆಯಲ್ಲಿ ನನಗೆ 123 ಬಂದಿತ್ತು. ಈ ಸಲ ಪಾಳಿ ಇಲ್ಲದ ದಿನ ಬೆಳಿಗ್ಗೆ ಎರಡು ಗದ್ಯಭಾಗ ಓದುತ್ತಿದ್ದೆ. ಲೇಖಕರು ಹೇಳುತ್ತಿರುವುದೇನು ಎಂದು ಒಂದೇ ಸಾಲಿನಲ್ಲಿ, ಕನ್ನಡದಲ್ಲಿ, 200 ಪುಟದ ನೋಟ್‌ಬುಕ್ಕಿನಲ್ಲಿ ಬರೆದ ಮೇಲೆಯೇ ಪ್ರಶ್ನೆಗಳನ್ನು ನೋಡುತ್ತಿದ್ದೆ. ಇಂಗ್ಲಿಷಿನಲ್ಲಾದರೆ ಅವರ ಪದಗಳನ್ನೇ ತಿರುಗಿಸಿ ಬರೆದು ಅರ್ಥವಾಯಿತು ಎಂದುಕೊಳ್ಳಬಹುದು. ಕನ್ನಡದಲ್ಲಿ ಅದು ನಡೆಯುವುದಿಲ್ಲ. ಅರ್ಥವಾಗದಿದ್ದರೆ ಸಾಲು ಹುಟ್ಟುವುದೇ ಇಲ್ಲ. ಮೊದಲ ತಿಂಗಳು ಪುಟಗಳ ತುಂಬ ಕಾಟು ಹೊಡೆದ ಸಾಲುಗಳು. 2025ರ ಮಾರ್ಚ್‌ನಲ್ಲಿ ಮತ್ತೆ ಬರೆದಾಗ 127 ಬಂತು.

ಉಳಿದದ್ದು ಸಲೀಸಾಗಿತ್ತು. ಪತ್ರಗಳನ್ನು ಹೊಸದಾಗಿ ಬರೆಸಿಕೊಂಡೆ, ಅವುಗಳಲ್ಲಿ ಒಂದು ಆ ರಾತ್ರಿಯ ನರ್ಸ್ ಬರೆದದ್ದು. ಕಾಲೇಜುಗಳ ಪಟ್ಟಿಯಲ್ಲಿ ಒಹಾಯೋದವನ್ನೆಲ್ಲ ಸೇರಿಸಿ, ಹಿಂದೆ ನಾನು ಕಡೆಗಣಿಸಿದ್ದ ಆಸ್ಟಿಯೋಪಥಿಕ್ ಕಾಲೇಜುಗಳಿಗೂ ಪ್ರತ್ಯೇಕ ಅರ್ಜಿ ಹಾಕಿದೆ. ಅವರು ಕೊಡುವ ಡಿ.ಒ. ಪದವಿಯವರೂ ಇಲ್ಲಿ ಪೂರ್ಣ ಪ್ರಮಾಣದ ವೈದ್ಯರೇ. ಸಲ್ಲಿಕೆ ತೆರೆದ ಮೊದಲ ವಾರದಲ್ಲೇ ಅರ್ಜಿ ಕಳಿಸಿದೆ. ನಾಲ್ಕು ಸಂದರ್ಶನಗಳಾದವು, ನವೆಂಬರ್‌ನಲ್ಲಿ ಒಂದು ಸೀಟು ಸಿಕ್ಕಿತು.

ಅಂದು ಅರಕಲಗೂಡಿಗೆ ಫೋನ್ ಮಾಡಿ, ಪ್ರಬಂಧದಲ್ಲಿ ಅವಳ ಬಗ್ಗೆ ಬರೆದಿದ್ದನ್ನು ಚಿಕ್ಕಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಆ ತಾತನ ಹಿಮ್ಮಡಿ ಹೇಗಿದೆ?"

"ಆಗಲೇ ವಾಸಿಯಾಯಿತು ಚಿಕ್ಕಮ್ಮ. ನಿನ್ನೆ ರಾತ್ರಿಯೂ ಮುಟ್ಟಿ ನೋಡಿದೆ, ತಣ್ಣಗಿತ್ತು."