ಆಷಾಢದ ಗಾಳಿ ಸಿಮ್ಯುಲೇಟರಿನಲ್ಲೂ ಬೀಸಬೇಕಾದರೆ

ಜುಲೈ ತಿಂಗಳ ಭಾನುವಾರ, ಬೆಳಿಗ್ಗೆ ಹನ್ನೊಂದೂವರೆ. ಮಂಗಳೂರು ವಿಮಾನ ನಿಲ್ದಾಣದ ಮೆಟಾರ್, ಅಂದರೆ ನಿಲ್ದಾಣ ಆಗಾಗ ಹೊರಡಿಸುವ ಹವಾಮಾನ ವರದಿ, ಹೀಗಿತ್ತು: ಗಾಳಿ 260 ಡಿಗ್ರಿಯಿಂದ 12 ನಾಟ್, ಗೋಚರತೆ 2000 ಮೀಟರ್, ಮಳೆ, 800 ಅಡಿಯಲ್ಲಿ ಚದುರಿದ ಮೋಡ, 1500 ಅಡಿಯಲ್ಲಿ ಆಕಾಶದ ಹೆಚ್ಚಿನ ಪಾಲು ಮುಚ್ಚಿದ ಮೋಡ, ಉಷ್ಣಾಂಶ 25, ಕ್ಯೂಎನ್‌ಎಚ್ (ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಗಾಳಿಯ ಒತ್ತಡ) 1005 ಹೆಕ್ಟೊಪ್ಯಾಸ್ಕಲ್. ಕರಾವಳಿಯವರಿಗೆ ಇದು ಮಾಮೂಲಿ ಆಷಾಢ. ಮನೆಯ ಫ್ಲೈಟ್ ಸಿಮ್ಯುಲೇಟರಿಗೆ ಯಾವ ಹವಾಮಾನ ಆಡ್-ಆನ್ (ಸಿಮ್‌ಗೆ ಸೇರಿಸುವ ಹೆಚ್ಚುವರಿ ಸಾಫ್ಟ್‌ವೇರ್) ಕೊಳ್ಳಬೇಕೆಂದು ತೀರ್ಮಾನಿಸಲು ಇದಕ್ಕಿಂತ ಒಳ್ಳೆಯ ದಿನ ಸಿಗದು. ನಿರಭ್ರ ಆಕಾಶದಲ್ಲಿ ಎಲ್ಲ ಸಾಫ್ಟ್‌ವೇರೂ ಚೆನ್ನಾಗಿಯೇ ಕಾಣುತ್ತವೆ.

ಬಹಳಷ್ಟು ಜನ ಮೋಡದ ಸ್ಕ್ರೀನ್‌ಶಾಟ್ ನೋಡಿ ಕೊಳ್ಳುತ್ತಾರೆ. ಚಿತ್ರದಲ್ಲಿ ಗಾಳಿ ಕಾಣುವುದಿಲ್ಲ, ಒತ್ತಡವೂ ಕಾಣುವುದಿಲ್ಲ. ವಿಮಾನ ಹಾರುವುದು ಈ ಎರಡರಲ್ಲೇ. ಆದ್ದರಿಂದ ಆ ದಿನದ ಪರೀಕ್ಷೆ ಶುರುವಾದದ್ದು ನೆಲದ ಮೇಲೆ.

ಎ320 ವಿಮಾನವನ್ನು ಮಂಗಳೂರಿನ ರನ್‌ವೇ 24ರ (ದಿಕ್ಕು ಸುಮಾರು 240 ಡಿಗ್ರಿ) ತುದಿಯಲ್ಲಿ ನಿಲ್ಲಿಸಿ, ಮೆಟಾರ್‌ನಲ್ಲಿದ್ದ 1005 ಅನ್ನು ಕೈಯಿಂದಲೇ ಎತ್ತರ ತೋರಿಸುವ ಆಲ್ಟಿಮೀಟರಿಗೆ ಹಾಕಬೇಕು. ಮೈಕ್ರೋಸಾಫ್ಟ್ ಸಿಮ್‌ನಲ್ಲಿ ‘ಬಿ’ ಕೀ ಒತ್ತಬೇಡಿ. ಅದು ಸಿಮ್ ತಾನೇ ನಂಬಿರುವ ಒತ್ತಡವನ್ನು ತುಂಬುತ್ತದೆ, ತಪ್ಪಿದ್ದರೂ ಗೊತ್ತಾಗುವುದಿಲ್ಲ. ಚಾರ್ಟ್‌ನಲ್ಲಿ ಆ ಜಾಗದ ಎತ್ತರ ಎಷ್ಟಿದೆಯೋ ಆಲ್ಟಿಮೀಟರ್ ಅಷ್ಟೇ ತೋರಿಸಬೇಕು. ಒಂದು ಹೆಕ್ಟೊಪ್ಯಾಸ್ಕಲ್ ಎಂದರೆ ಸುಮಾರು 27 ಅಡಿ, ಹಾಗಾಗಿ ಇಪ್ಪತ್ತು ಮೂವತ್ತು ಅಡಿ ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ. ನೂರು ಅಡಿ ತಪ್ಪಿದರೆ ಆ ಸಾಫ್ಟ್‌ವೇರ್ ಒತ್ತಡವನ್ನು ಮೆಟಾರ್‌ನಿಂದಲ್ಲ, ಮುನ್ಸೂಚನೆಯ ಮಾದರಿಯಿಂದ ಎತ್ತಿಕೊಳ್ಳುತ್ತಿರಬಹುದು. ಒಬ್ಬರೇ ಹಾರುವವರಿಗೆ ಇದು ದೊಡ್ಡ ವಿಷಯವಲ್ಲ. ಸಿಮ್ ಹಾರಿಸುವವರು ಅಂತರ್ಜಾಲದಲ್ಲಿ ಒಟ್ಟಿಗೆ ಹಾರುವ ವ್ಯಾಟ್‌ಸಿಮ್‌ನಲ್ಲಿ ಕಂಟ್ರೋಲರ್ ಕೊಡುವುದು ನಿಜವಾದ ಕ್ಯೂಎನ್‌ಎಚ್. ಅಲ್ಲಿ ಇದೇ ತಪ್ಪು ನಿಮ್ಮನ್ನು ಹೇಳಿದ ಎತ್ತರಕ್ಕಿಂತ ಮೇಲೋ ಕೆಳಗೋ ಇಡುತ್ತದೆ.

ಎರಡನೆಯ ಪರೀಕ್ಷೆಗೆ ನಮ್ಮ ಮುಂಗಾರಿನಷ್ಟು ಅನುಕೂಲ ಬೇರಾವುದೂ ಇಲ್ಲ. ಜುಲೈನಲ್ಲಿ ಕರ್ನಾಟಕದ ಮೇಲೆ ಗಾಳಿ ಎರಡು ಅಂತಸ್ತಿನದು. ಸುಮಾರು 5000 ಅಡಿಯಲ್ಲಿ ಪಡುವಣ ಗಾಳಿ ಬಿರುಸಾಗಿ ಬೀಸುತ್ತಿರುತ್ತದೆ. ಏರುತ್ತಾ ಹೋದಂತೆ ಅದು ಸಣ್ಣದಾಗಿ, ದಿಕ್ಕು ತಿರುಗಿ, 35,000 ಅಡಿಯ ಹೊತ್ತಿಗೆ ಮೂಡಣ ಗಾಳಿಯಾಗಿರುತ್ತದೆ. ಅದಕ್ಕೂ ಮೇಲೆ, 14ರಿಂದ 16 ಕಿಲೋಮೀಟರ್ ಎತ್ತರದಲ್ಲಿ, ಉಷ್ಣವಲಯದ ಪೂರ್ವ ಜೆಟ್ ಎಂಬ ವೇಗದ ಮೂಡಣ ಗಾಳಿಯ ಹೊನಲು ಹರಿಯುತ್ತದೆ. ಬೆಂಗಳೂರಿನಿಂದ ಪಶ್ಚಿಮಕ್ಕೆ ಹೊರಟ ವಿಮಾನಕ್ಕೆ ಏರುವಾಗ ಎದುರುಗಾಳಿ, ಮೇಲೆ ಹೋದ ಮೇಲೆ ಬೆನ್ನುಗಾಳಿ. ಮೆಟಾರ್ ಹೇಳುವುದು ನೆಲದ ಗಾಳಿಯನ್ನು ಮಾತ್ರ. ಆ ಒಂದು ಸಾಲನ್ನೇ ಮೇಲಕ್ಕೆ ಎಳೆದು ಹಿಗ್ಗಿಸುವ ಸಾಫ್ಟ್‌ವೇರ್ 36,000 ಅಡಿಯಲ್ಲೂ ಪಡುವಣ ಗಾಳಿಯನ್ನೇ ಬೀಸಿಸುತ್ತದೆ. ವಿಂಡಿ ತಾಣದಲ್ಲಿ ಜಿಎಫ್‌ಎಸ್ ಎಂಬ ಹವಾಮಾನ ಮುನ್ಸೂಚನೆಯ ಮಾದರಿಯನ್ನು ಆರಿಸಿ, 850 ಮತ್ತು 250 ಹೆಕ್ಟೊಪ್ಯಾಸ್ಕಲ್ ಮಟ್ಟಗಳ (ಸುಮಾರು 5000 ಮತ್ತು 34,000 ಅಡಿ) ಗಾಳಿಯನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಎ320ರ ನ್ಯಾವಿಗೇಷನ್ ಪರದೆಯ ಎಡ ಮೇಲ್ಮೂಲೆಯಲ್ಲಿ ಕಾಣುವ ಬಾಣ ಮತ್ತು ಅಂಕಿಯ ಜೊತೆ ತಾಳೆ ನೋಡಿ. ದಿಕ್ಕಿನಲ್ಲಿ 20 ಡಿಗ್ರಿ, ವೇಗದಲ್ಲಿ 10 ನಾಟ್ ವ್ಯತ್ಯಾಸ ಸಹಿಸಬಹುದು. ದಿಕ್ಕೇ ಉಲ್ಟಾ ಇದ್ದರೆ ಇಂಧನದ ಲೆಕ್ಕವೆಲ್ಲ ಸುಳ್ಳು.

ಮೂರನೆಯದು ಘಟ್ಟ. ಬೆಂಗಳೂರಿನಿಂದ ಮಂಗಳೂರಿಗೆ ನೇರ ದಾರಿ ಸುಮಾರು 165 ನಾಟಿಕಲ್ ಮೈಲಿ. ಮಳೆಯೆಲ್ಲ ಸುರಿಯುವ ಶಿರಾಡಿ, ಚಾರ್ಮಾಡಿಯ ತಲೆಯ ಮೇಲೆ ಮೆಟಾರ್ ಕೊಡುವವರು ಯಾರೂ ಇಲ್ಲ. ಅಲ್ಲಿ ಸಾಫ್ಟ್‌ವೇರ್ ಊಹಿಸಲೇಬೇಕು. ಎಕ್ಸ್-ಪ್ಲೇನ್ 12 ಎಂಬ ಸಿಮ್ ಬಳಸುವ ಅಮೆರಿಕದ ಜಿಎಫ್‌ಎಸ್ ಮಾದರಿ ದಿನಕ್ಕೆ ನಾಲ್ಕು ಸಲ ಓಡುತ್ತದೆ. ಅದರ ಚೌಕಳಿಯ ಒಂದು ಮನೆ ಸುಮಾರು 28 ಕಿಲೋಮೀಟರ್ ಅಗಲ. ಘಟ್ಟದ ಬುಡ, ನೆತ್ತಿ ಎರಡೂ ಒಂದೇ ಮನೆಯೊಳಗೆ ಬಂದುಬಿಡುತ್ತವೆ. ಹಾಗಾಗಿ ನೆತ್ತಿಗೆ ಒರಗಿ ನಿಲ್ಲುವ ಮೋಡವನ್ನು ಯಾವ ಆಡ್-ಆನ್‌ನಿಂದಲೂ ನಿರೀಕ್ಷಿಸಬೇಡಿ. ನಿರೀಕ್ಷಿಸಬೇಕಾದದ್ದು ಬೇರೆ: ಹಾಸನದ ಮೇಲಿರುವಾಗಲೇ ಪಶ್ಚಿಮದಲ್ಲಿ ದಟ್ಟ ಮೋಡದ ಗೋಡೆ ಕಾಣುತ್ತದೆಯೇ?

ಇಲ್ಲಿಯೇ ಸಿಮ್‌ಗಳ ದಾರಿ ಕವಲೊಡೆಯುತ್ತದೆ. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ ಸ್ವಂತ ಲೈವ್ ಹವಾಮಾನ ಮೀಟಿಯೋಬ್ಲೂ ಕಂಪನಿಯ ಮುನ್ಸೂಚನೆಯ ಮಾದರಿಯ ಮೇಲೆ ನಿಂತಿದೆ, ಅದಕ್ಕೆ ಮೆಟಾರ್ ಬೆರೆಸಿದ್ದು 2021ರ ಕೊನೆಯಲ್ಲಿ. ದೂರದ ಮೋಡವನ್ನು ಅದು ದೂರದಲ್ಲೇ ಇಡುತ್ತದೆ. ಅದಕ್ಕೆ ಹೊರಗಿನವರು ಮಾಡಿದ ಆಡ್-ಆನ್‌ಗಳಿಗೆ ಆ ಸೌಲಭ್ಯವಿಲ್ಲ. ಅವು ಪ್ರಿಸೆಟ್ ಎಂಬ ಒಂದೇ ಆಕಾಶವನ್ನು ನಿಮ್ಮ ಸುತ್ತಲೂ ಹೊದಿಸಿ, ನೀವು ಮುಂದೆ ಹೋದಂತೆ ಅದನ್ನು ಬದಲಿಸುತ್ತಾ ಹೋಗುತ್ತವೆ. ಇದರಲ್ಲಿ ನಿಲ್ದಾಣದ ಮೋಡದ ಎತ್ತರ, ಗೋಚರತೆ ಮೆಟಾರ್‌ಗೆ ಹತ್ತಿರ ಬರುತ್ತವೆ, ದಿಗಂತದ ಗೋಡೆ ಮಾತ್ರ ಮಾಯ. ಆ್ಯಕ್ಟಿವ್ ಸ್ಕೈ ಎಫ್‌ಎಸ್ ಎಂಬ ಆಡ್-ಆನ್‌ನಲ್ಲಿ ಪ್ಯಾಸಿವ್ ಮೋಡ್ ಇದೆ: ಆಕಾಶ ಸಿಮ್‌ನದೇ, ಮಾಹಿತಿ ಮತ್ತು ಬ್ರೀಫಿಂಗ್ ಆಡ್-ಆನ್‌ನದು. ಘಟ್ಟ ದಾಟುವ ಹಾರಾಟಕ್ಕೆ ಇದು ಒಳ್ಳೆಯ ರಾಜಿ.

ಆ ಭಾನುವಾರದ ನಿಜವಾದ ಪಾಠ ಕೊನೆಯಲ್ಲಿತ್ತು. ಪರೀಕ್ಷೆಗೆ ಹಾಕಿದ್ದ ಒಂದು ಆಡ್-ಆನ್ ಹಿಂದಿನ ಮೂರನ್ನೂ ಪಾಸು ಮಾಡಿತ್ತು. ರನ್‌ವೇ 24ಕ್ಕೆ ಐಎಲ್‌ಎಸ್ (ರನ್‌ವೇಗೆ ದಾರಿ ತೋರುವ ರೇಡಿಯೊ ಸಂಕೇತ) ಹಿಡಿದು 1200 ಅಡಿಗೆ ಇಳಿದಾಗ ಹನ್ನೆರಡು ಗಂಟೆಯ ಮೆಟಾರ್ ಬಂತು. ಗಾಳಿ 260ರಿಂದ 12 ಇದ್ದದ್ದು ಒಂದೇ ಸೆಕೆಂಡಿನಲ್ಲಿ 310ರಿಂದ 20 ಆಯಿತು. ಅಡ್ಡಗಾಳಿ 4 ನಾಟ್‌ನಿಂದ 19ಕ್ಕೆ ಹಾರಿತು, ವಿಮಾನ ಎಡಕ್ಕೆ ಸರಿಯಿತು, ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವ ಗೋ-ಅರೌಂಡ್ ಬಿಟ್ಟು ಬೇರೆ ದಾರಿ ಇರಲಿಲ್ಲ. ನಿಜವಾದ ಗಾಳಿಯೂ ಬಿರುಸಾಗಿ ತಿರುಗುತ್ತದೆ, ಆದರೆ ಗಡಿಯಾರ ನೋಡಿ ತಿರುಗುವುದಿಲ್ಲ. ಹೊಸ ಮೆಟಾರ್ ಬಂದ ಕೂಡಲೇ ಹಳೆಯದನ್ನು ಅಳಿಸಿ ಬರೆಯುವ ಸಾಫ್ಟ್‌ವೇರ್‌ಗಳ ರೋಗ ಇದು. ಎತ್ತರದಲ್ಲಿ ಇನ್ನೂ ಕಷ್ಟ. ಮ್ಯಾಕ್ 0.78ರಲ್ಲಿ (ಶಬ್ದದ ವೇಗದ 0.78 ಪಾಲು) ಹೋಗುತ್ತಿರುವ ಎ320ಗೆ ಮಿತಿ 0.82. ಎದುರುಗಾಳಿ ಒಮ್ಮೆಲೇ 40 ನಾಟ್ ಹೆಚ್ಚಿದರೆ ನೆಲದ ವೇಗ ಜಡತ್ವದಿಂದ ಹಾಗೇ ಉಳಿದು, ಗಾಳಿಯಲ್ಲಿನ ವೇಗ ಜಿಗಿದು, ಓವರ್‌ಸ್ಪೀಡ್ ಎಚ್ಚರಿಕೆ ಕೂಗುತ್ತದೆ.

ಮದ್ದು ಸೆಟ್ಟಿಂಗ್‌ನಲ್ಲಿದೆ. ಗಾಳಿ ನಿಧಾನವಾಗಿ ಬದಲಾಗುವ ‘ಸ್ಮೂತಿಂಗ್’ ಆಯ್ಕೆ ಇದ್ದರೆ ಮೊದಲು ಅದನ್ನು ಹಾಕಿ, ಇಲ್ಲದಿದ್ದರೆ ಆ ಸಾಫ್ಟ್‌ವೇರನ್ನು ಕೊಳ್ಳಲೇಬೇಡಿ. ಆಡ್-ಆನ್ ಹವಾಮಾನ ತುಂಬುವಾಗ ಸಿಮ್‌ನ ಲೈವ್ ಹವಾಮಾನ ಆರಿರಬೇಕು. ಎರಡೂ ಒಟ್ಟಿಗೆ ಓಡಿದರೆ ಮೋಡ ಮಿಣುಕುತ್ತದೆ, ಒತ್ತಡ ಕುಣಿಯುತ್ತದೆ. ಹಳೆಯ ದಿನದ ಹವಾಮಾನ ಬೇಕೆಂದಾಗ ಸಮಯವನ್ನು ಯುಟಿಸಿಯಲ್ಲಿ (ಅಂತರರಾಷ್ಟ್ರೀಯ ಪ್ರಮಾಣ ಸಮಯ) ಕೊಡಿ. ಇಲ್ಲಿನ ಗಡಿಯಾರದ ಸಮಯ ಹಾಕಿದರೆ ಐದೂವರೆ ಗಂಟೆ ಆಚೀಚಿನ ಆಕಾಶ ಬರುತ್ತದೆ, ಬೆಂಗಳೂರಿನ ಡಿಸೆಂಬರ್ ಮುಂಜಾವಿನ ಮಂಜು ಹುಡುಕಿದವರಿಗೆ ನಡುಹಗಲ ಬಿಸಿಲು ಸಿಗುತ್ತದೆ. ನಮ್ಮ ಮೆಟಾರ್‌ಗಳಲ್ಲಿ ಪದೇ ಪದೇ ಕಾಣುವ 6000 ಮೀಟರ್ ಗೋಚರತೆಯನ್ನು ಕೆಲವು ಆಡ್-ಆನ್‌ಗಳು ವಿಮಾನ ಎಷ್ಟೇ ಮೇಲೇರಿದರೂ ಬಿಡುವುದಿಲ್ಲ. ಮಬ್ಬಿನ ಪದರಕ್ಕೆ ಮೇಲಿನ ಗಡಿ ಹಾಕುವ ಆಯ್ಕೆಯಿದ್ದರೆ ನೆಲದಿಂದ ಐದಾರು ಸಾವಿರ ಅಡಿಗೆ ನಿಲ್ಲಿಸಿ. ಮಳೆ ಮೋಡದಲ್ಲಿ ಪರದೆಯ ಫ್ರೇಮ್ ವೇಗ ಕುಸಿದು ಚಿತ್ರ ತಡವರಿಸಿದರೆ ಆಡ್-ಆನ್ ಅನ್ನು ಬೈಯುವ ಮೊದಲು ಸಿಮ್‌ನ ಮೋಡದ ಗುಣಮಟ್ಟವನ್ನು ಅಲ್ಟ್ರಾದಿಂದ ಹೈಗೆ ಇಳಿಸಿ ನೋಡಿ.

ಸ್ಮೂತಿಂಗ್ ಹಾಕಿ ಮತ್ತೆ ಅದೇ ಐಎಲ್‌ಎಸ್. ಹನ್ನೆರಡೂವರೆಯ ಮೆಟಾರ್ ಬಂದಾಗ ಎತ್ತರ 1400 ಅಡಿ. ಗಾಳಿಯ ಬಾಣ ಒಂದೊಂದೇ ಡಿಗ್ರಿ ವಾಲಿತು, ಮೂತಿಯನ್ನು ಒಂದಿಷ್ಟು ಬಲಕ್ಕೆ ಹಿಡಿಯುವಷ್ಟು ಸಮಯ ಸಿಕ್ಕಿತು, 700 ಅಡಿಯಲ್ಲಿ ಒದ್ದೆ ರನ್‌ವೇಯ ದೀಪಗಳು ಕಂಡವು.